ಸುದ್ದಿಯನ್ನು ಮೂಲದಿಂದಲೇ ತರಿಸಿಕೊಳ್ಳಿ

ಬೆಳಗ್ಗೆ ಎದ್ದ ಕೂಡಲೇ ವಾಟ್ಸಾಪ್ ತೆರೆಯುತ್ತೀರಿ. ಯಾರೋ ಬರೆದದ್ದು, ಇನ್ಯಾರೋ ದಾಟಿಸಿದ್ದು, ತಾರೀಖಿಲ್ಲ, ಮೂಲವಿಲ್ಲ. ಅದನ್ನೇ ಇನ್ನು ನಾಲ್ಕು ಜನಕ್ಕೆ ಕಳಿಸಿಬಿಡುತ್ತೀರಿ. ಈ ರೂಢಿ ಬಿಡಿ. ಹಡಗಲಿ ತಾಲ್ಲೂಕಿನ ಮೈಲಾರದ ಭವಿಷ್ಯವಾಣಿಯಾದ ಕಾರ್ಣಿಕವನ್ನೇ ನೋಡಿ. ಗೊರವಯ್ಯ ಬಿಲ್ಲೇರಿ ನುಡಿಯುವುದು ಒಂದೇ ಸಾಲು. ಅದು ಫೋನಿನಿಂದ ಫೋನಿಗೆ ಹಾರಿ ಕೂಡ್ಲಿಗಿ ಮುಟ್ಟುವಷ್ಟರಲ್ಲಿ ಏನೇನೋ ಸೇರಿರುತ್ತದೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂದರು ಹಿರಿಯರು. ನೀವು ಕಾಣದ್ದನ್ನೂ ಪರಾಂಬರಿಸುವುದಿಲ್ಲವಲ್ಲ!

ನೀವು ಮೆಚ್ಚಿದ ಜಾಲತಾಣದಲ್ಲಿ ಹೊಸದೇನು ಬಂದರೂ ತಾನಾಗಿ ನಿಮ್ಮ ಕೈಗೆ ಬರುವ ಏರ್ಪಾಡು 1999ರಿಂದಲೂ ಇದೆ. ಅದಕ್ಕೆ ಫೀಡ್ ಅನ್ನುತ್ತಾರೆ. ಅದನ್ನು ಓದಲು ಫೋನಿಗೆ ಫೀಡ್ಲಿ ಅಥವಾ ಇನೋರೀಡರ್ ಆ್ಯಪ್, ಕಂಪ್ಯೂಟರಿಗೆ ಥಂಡರ್‌ಬರ್ಡ್ ಹಾಕಿಕೊಳ್ಳಿ. ತಾಣದ ವಿಳಾಸ ಕೊಟ್ಟರೆ ಬಹಳಷ್ಟು ಸಲ ಫೀಡನ್ನು ಆ್ಯಪೇ ಹುಡುಕಿಕೊಳ್ಳುತ್ತದೆ. ಸಿಗದಿದ್ದರೆ ಪುಟದಲ್ಲಿ ಕಿತ್ತಳೆ ಬಣ್ಣದ ಚೌಕ ಹುಡುಕಿ; ಅದರೊಳಗೆ ಒಂದು ಮೂಲೆಯಲ್ಲಿ ಚುಕ್ಕಿ, ಮೇಲೆರಡು ಕಮಾನು ಇರುತ್ತವೆ. ಯೂಟ್ಯೂಬ್ ಚಾನೆಲ್ಲಿಗೂ ಫೀಡ್ ಉಂಟು. ತಾಣದವರಿಗೆ ನಿಮ್ಮ ಫೋನ್ ನಂಬರ್ ಕೊಡಬೇಕಿಲ್ಲ, ಯಾವ ಗುಂಪಿಗೂ ಸೇರಬೇಕಿಲ್ಲ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಯಾಕೆ ಅಲೆಯುತ್ತೀರಿ?

ಸೇರಿಸುವ ಮುಂಚೆ ತಾಣದ ವಿಳಾಸ ಸರಿಯಿದೆಯಾ, ಜಿಲ್ಲೆಯ ಪುಟವಾದರೆ ಅದು ನಿಮ್ಮ ಈಗಿನ ಜಿಲ್ಲೆಯದೇನಾ ನೋಡಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂ 2021ರಿಂದ ವಿಜಯನಗರ ಜಿಲ್ಲೆಯಲ್ಲಿವೆ. ಹರಪನಹಳ್ಳಿಯವರಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, ಆಮೇಲೆ ಇಲ್ಲಿಗೆ ಬಂದವರು. ಹಳೇ ಜಿಲ್ಲೆಯ ಪುಟವನ್ನೇ ಕಾಯುತ್ತಾ ಕೂತು, ಅರ್ಜಿಯ ಕೊನೆಯ ದಿನ ದಾಟಿದ ಮೇಲೆ ಪೇಚಾಡಬೇಡಿ. ಸರ್ಕಾರಿ ಪುಟಗಳಿಗೆಲ್ಲ ಫೀಡ್ ಇರುವುದಿಲ್ಲ. ಅಂಥವನ್ನು ಬುಕ್‌ಮಾರ್ಕ್ ಮಾಡಿ, ವಾರಕ್ಕೊಂದು ದಿನ ಗೊತ್ತುಮಾಡಿಕೊಂಡು ನೀವೇ ತೆರೆದು ನೋಡಿ.

ಸಿಕ್ಕಿತು ಅಂತ ಕಂಡದ್ದನ್ನೆಲ್ಲ ತುಂಬಿಕೊಳ್ಳಲೂ ಬೇಡಿ. ಅತಿಯಾದರೆ ಅಮೃತವೂ ವಿಷ. ದಿನಕ್ಕೆ ನೂರು ಸುದ್ದಿ ಸುರಿಯುವ ದೊಡ್ಡ ತಾಣ ಒಂದಿದ್ದರೆ ಸಾಕು. ಅಪರೂಪಕ್ಕೆ ಬರೆಯುವವರನ್ನು ಹೆಚ್ಚು ಸೇರಿಸಿಕೊಳ್ಳಿ. ಫೀಡಿನ ನಿಜವಾದ ಸುಖ ಅಲ್ಲಿದೆ. ಅವಧಿ, ಕೆಂಡಸಂಪಿಗೆಯಂಥ ಕನ್ನಡ ತಾಣಗಳನ್ನು ಮರೆಯಬೇಡಿ. ತಿಂಗಳುಗಟ್ಟಲೆ ಓದದೆ ಬಿಟ್ಟಿದ್ದನ್ನು ಮುಲಾಜಿಲ್ಲದೆ ತೆಗೆದುಹಾಕಿ.

ಇನ್ನೊಂದು ಮಾತು. ಒಂದೇ ಆ್ಯಪನ್ನು ನಂಬಿ ಕೂರಬೇಡಿ. ಲಕ್ಷಾಂತರ ಜನ ಫೀಡ್ ಓದಲು ಬಳಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ಕ್ಕೆ ಬಾಗಿಲು ಹಾಕಿತು. ಆ್ಯಪಿನಲ್ಲೋ ಅದರ ಜಾಲತಾಣದಲ್ಲೋ ಎಕ್ಸ್‌ಪೋರ್ಟ್ ಅಂತ ಇರುತ್ತದೆ. ಅದನ್ನು ಒತ್ತಿದರೆ ನಿಮ್ಮ ಪಟ್ಟಿಯೆಲ್ಲ ಒಪಿಎಂಎಲ್ ಎಂಬ ಒಂದೇ ಫೈಲಾಗಿ ಇಳಿಯುತ್ತದೆ, ಬೇರೆ ಆ್ಯಪಿಗೂ ಹೊಂದುತ್ತದೆ. ಅದನ್ನು ನಿಮ್ಮದೇ ಮೇಲ್‌ಗೆ ಕಳಿಸಿಟ್ಟುಕೊಳ್ಳಿ. ಆರು ತಿಂಗಳಿಗೊಮ್ಮೆ ಹೊಸದಾಗಿ ಇಳಿಸಿಕೊಂಡರೆ ಆಯಿತು.