ಎಲೆ ಲೆಕ್ಕದ ಸೊಪ್ಪು

ದಂಟು, ಪಾಲಕ್, ಮೆಂತ್ಯ ಬೆಳೆದು ಕೈ ಪಳಗಿದ ಮೇಲೆ ಬೆಂಗಳೂರಿನ ನಮ್ಮ ತಾರಸಿಯಲ್ಲಿ ಲೆಟ್ಯೂಸ್ ಹಾಕತೊಡಗಿದೆ. ಎಂಟು ವರ್ಷವಾಯಿತು. ಎಲೆಕೋಸಿನಂತೆ ಗಡ್ಡೆ ಕಟ್ಟುವ ಐಸ್‌ಬರ್ಗ್ ಬಗೆಯನ್ನು ನಾನು ಬೆಳೆಯುವುದಿಲ್ಲ. ಬುಡದಿಂದಲೇ ಬಿಡಿಬಿಡಿಯಾಗಿ ಎಲೆ ಹರಡುವ ಗ್ರ್ಯಾಂಡ್ ರ‍್ಯಾಪಿಡ್ಸ್, ಲೊಲ್ಲೊ ರೊಸ್ಸೊ, ಓಕ್ ಲೀಫ್ ನನ್ನ ಕುಂಡಗಳಲ್ಲಿವೆ. ಬೇರೆ ಸೊಪ್ಪನ್ನು ನಾವು ಕಟ್ಟಿನ ಲೆಕ್ಕದಲ್ಲಿ ಕಿತ್ತು ಬೇಯಿಸುತ್ತೇವೆ. ಇದನ್ನು ಎಲೆ ಲೆಕ್ಕದಲ್ಲಿ ಬಿಡಿಸಿ ಹಸಿಯಾಗಿಯೇ ತಿನ್ನುತ್ತೇವೆ. ನಾನು ಕಲಿತದ್ದೆಲ್ಲ ಈ ಒಂದು ವ್ಯತ್ಯಾಸದಿಂದಲೇ ಹುಟ್ಟಿದ್ದು.

1. ಬೀಜಕ್ಕೆ ತಂಪೂ ಬೇಕು, ಬೆಳಕೂ ಬೇಕು.

ಮೊದಲ ಸಲ ಬಿತ್ತಿದ್ದು ಏಪ್ರಿಲ್‌ನಲ್ಲಿ. ಒಂದೂ ಮೊಳೆಯಲಿಲ್ಲ. ಬೀಜ ಹಳೆಯದಿರಬೇಕೆಂದು ಸುಮ್ಮನಾದೆ. ಅದೇ ಪೊಟ್ಟಣದಲ್ಲಿ ಉಳಿದಿದ್ದ ಬೀಜ ನವೆಂಬರ್‌ನಲ್ಲಿ ಐದೇ ದಿನಕ್ಕೆ ಮೊಳೆತು ನಿಂತಿತು. ಮಣ್ಣಿನ ಉಷ್ಣಾಂಶ 15ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಈ ಬೀಜಕ್ಕೆ ಹಿತ. 30 ಡಿಗ್ರಿ ದಾಟಿದರೆ ಅದು ಸಾಯುವುದಿಲ್ಲ, ನಿದ್ದೆಗೆ ಜಾರುತ್ತದೆ. ಸೆಕೆಯಲ್ಲಿ ಬಿತ್ತಲೇಬೇಕಾದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಎರಡು ದಿನ ಫ್ರಿಜ್ಜಿನಲ್ಲಿಟ್ಟು, ಸಂಜೆ ಹೊತ್ತಿಗೆ ಮಣ್ಣಿಗೆ ಹಾಕುತ್ತೇನೆ. ಬೀಜಕ್ಕೆ ಬೆಳಕು ತಾಗಬೇಕು, ಆಳವಾಗಿ ಹುಗಿಯಬೇಡಿ. ಹದ ಮಾಡಿದ ಮಣ್ಣಿನ ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ, ಕಂಡೂ ಕಾಣದಷ್ಟು ಕೊಕೊಪೀಟ್ ಚಿಮುಕಿಸಿದರೆ ಸಾಕು.

2. ಪೊಟ್ಟಣ ಪೂರ್ತಿ ಸುರಿಯಬೇಡಿ.

ನಾಲ್ಕು ಜನರ ಮನೆಗೆ 15 ದಿನಕ್ಕೊಮ್ಮೆ 20 ಬೀಜ ಧಾರಾಳ. ಸಾಂಬಾರಿಗೆ ಹೆಚ್ಚಾದ ಸೊಪ್ಪನ್ನು ನಾಳೆ ಪಲ್ಯ ಮಾಡಬಹುದು, ಹಸಿ ಎಲೆ ನಾಳೆಗೆ ಕಾಯುವುದಿಲ್ಲ.

3. ಬೇರು ಮೇಲ್ಮಣ್ಣಿನಲ್ಲೇ ಇರುತ್ತದೆ.

6ರಿಂದ 8 ಇಂಚು ಆಳದ ಕುಂಡ, ಕೆಮ್ಮಣ್ಣು, ಎರೆಗೊಬ್ಬರ, ಕೊಕೊಪೀಟ್ ಸಮಪಾಲು, ಒಂದು ಹಿಡಿ ಬೇವಿನ ಹಿಂಡಿ. ನೀರು ಮಾತ್ರ ಒಂದು ದಿನವೂ ತಪ್ಪಬಾರದು. ಒಮ್ಮೆ ಒಣಗಿಸಿ ಒಮ್ಮೆ ಮುಳುಗಿಸಿದರೆ ಎಳೆ ಎಲೆಗಳ ಅಂಚು ಸುಟ್ಟಂತೆ ಕಂದಾಗುತ್ತದೆ. ಅದು ರೋಗವಲ್ಲ. ನೀರಿನ ಏರುಪೇರಿನಿಂದ ಕ್ಯಾಲ್ಸಿಯಂ ಎಲೆಯ ತುದಿ ಮುಟ್ಟಿರುವುದಿಲ್ಲ, ಅಷ್ಟೆ.

4. ಬೇಯಿಸದೆ ತಿನ್ನುವುದನ್ನು ಮರೆಯಬೇಡಿ.

ಇದನ್ನು ಒತ್ತಿ ಹೇಳಬೇಕಾಗಿದೆ. ದಂಟಿಗೆ, ಹರಿವೆಗೆ ಸಗಣಿ ನೀರು ಎರೆಯುವ ನಮ್ಮ ರೂಢಿ ಒಲೆಯ ಬಿಸಿಯನ್ನು ನಂಬಿಕೊಂಡು ಬಂದದ್ದು. ಲೆಟ್ಯೂಸ್ ಒಲೆ ಕಾಣುವುದೇ ಇಲ್ಲ. ಹಸಿ ಸಗಣಿಯಾಗಲಿ, ಜೀವಾಮೃತವಾಗಲಿ ಈ ಗಿಡಕ್ಕೆ ನಾನು ಹಾಕುವುದಿಲ್ಲ. ಪೂರ್ತಿ ಕಳಿತ ಗೊಬ್ಬರವನ್ನು ಬಿತ್ತುವ ಮೊದಲೇ ಮಣ್ಣಿಗೆ ಬೆರೆಸುತ್ತೇನೆ. ನೀರನ್ನು ಬುಡಕ್ಕೆ ಹನಿಸುತ್ತೇನೆ, ಎಲೆಯ ಮೇಲೆ ಚಿಮುಕಿಸುವುದಿಲ್ಲ. ಸಸ್ಯಹೇನು ಕಂಡರೆ ಬೇವಿನೆಣ್ಣೆ ಬೇಡ, ಅದರ ಕಹಿ ತಟ್ಟೆಯವರೆಗೂ ಬರುತ್ತದೆ. ಎಲೆಯ ಅಡಿಗೆ ಬೆರಳು ಕೊಟ್ಟು, ಶುದ್ಧ ನೀರನ್ನು ರಭಸವಾಗಿ ಬಿಟ್ಟು ತೊಳೆಯಿರಿ. ಮಳೆಗಾಲದಲ್ಲಿ ಬಸವನಹುಳುವಿನ ಕಾಟ. ರಾತ್ರಿ ಒಂಬತ್ತರ ನಂತರ ಟಾರ್ಚ್ ಹಿಡಿದು ಕುಂಡದ ಅಂಚಿನ ಕೆಳಗೆ ನೋಡಿದರೆ ಸಾಲಾಗಿ ಅಂಟಿಕೊಂಡಿರುತ್ತವೆ. ಕೈಯಿಂದ ಹೆಕ್ಕಿ ತೆಗೆಯುವುದಕ್ಕಿಂತ ಒಳ್ಳೆಯ ಮದ್ದು ನನಗೆ ಸಿಕ್ಕಿಲ್ಲ.

5. ಹೊರಗಿನ ಎಲೆ ಮೊದಲು.

ಬಿತ್ತಿದ 30–35 ದಿನಕ್ಕೆ ಎಲೆ ಅಂಗೈ ಅಗಲವಾಗುತ್ತದೆ. ಬಿಸಿಲೇರುವ ಮೊದಲು ಹೋಗಿ, ಅತ್ಯಂತ ಹೊರಗಿನ ಎರಡು ಮೂರು ಎಲೆಗಳನ್ನು ಬುಡದಲ್ಲಿ ಚಿವುಟಿ. ನಡುವಿನ ಸುಳಿಯನ್ನು ಮುಟ್ಟಬೇಡಿ. ಹೀಗೆ ನನ್ನ ಗಿಡಗಳು ಚಳಿಗಾಲದಲ್ಲಿ ಒಂದೂವರೆ ತಿಂಗಳು ಎಲೆ ಕೊಟ್ಟಿವೆ. ಮಧ್ಯಾಹ್ನ ಕಿತ್ತ ಎಲೆ ಬಟ್ಟೆಯಂತೆ ಜೋಲುತ್ತದೆ. ಬೆಳಗಿನ ಎಲೆಯನ್ನು ಮಡಚಿದರೆ ನಡುನರ ಚಟ್ಟನೆ ಮುರಿಯುತ್ತದೆ, ಅದರಲ್ಲಿ ರಾತ್ರಿಯ ನೀರು ತುಂಬಿರುತ್ತದೆ.

6. ಹಾಲು ಹೆಚ್ಚಿದರೆ ಕಾಲ ಮುಗಿಯಿತೆಂದು ತಿಳಿಯಿರಿ.

ಎಲೆ ಚಿವುಟಿದ ಜಾಗದಲ್ಲಿ ಬಿಳಿ ಹಾಲಿನ ಹನಿ ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಕಂದಾಗುತ್ತದೆ. ಈ ಹಾಲಿನಿಂದಲೇ ಗಿಡಕ್ಕೆ ಲ್ಯಾಕ್ಟುಕಾ ಎಂಬ ಹೆಸರು. ಲ್ಯಾಟಿನ್‌ನಲ್ಲಿ ಲ್ಯಾಕ್ ಎಂದರೆ ಹಾಲು. ಕಹಿ ಇರುವುದೂ ಇದರಲ್ಲೇ. ಮಾರ್ಚ್ ಬಿಸಿಲಿಗೆ ನಡುದಂಟು ಮೇಲೇಳತೊಡಗಿದಾಗ ಹಾಲು ದಟ್ಟವಾಗುತ್ತದೆ, ಎಲೆ ಬಾಯಿಗಿಡಲಾಗದಷ್ಟು ಕಹಿಯಾಗುತ್ತದೆ. ಶೇಡ್ ನೆಟ್ ಕಟ್ಟಿದರೆ ಎರಡು ವಾರ ಮುಂದೂಡಬಹುದು, ತಡೆಯಲಾಗದು. ಏಪ್ರಿಲ್, ಮೇ ತಿಂಗಳು ನಾನು ಬಸಳೆ ಬೆಳೆಯುತ್ತೇನೆ.

7. ನಮ್ಮ ಅಡುಗೆಗೆ ಒಗ್ಗಿಸಿಕೊಳ್ಳಿ.

ನಮ್ಮತ್ತೆಗೆ ಮೊದಲ ದಿನ ಬರೀ ಎಲೆ ಕೊಟ್ಟಾಗ, "ಇದಕ್ಕೆ ರುಚಿ ಎಲ್ಲಿದೆಯಮ್ಮ?" ಎಂದರು. ಅವರು ಹೇಳಿದ್ದು ಸರಿ. ಈ ಎಲೆ ಸದ್ದು ಕೊಡುತ್ತದೆ, ತಂಪು ಕೊಡುತ್ತದೆ, ರುಚಿಯನ್ನು ನಾವು ಕೊಡಬೇಕು. ಮರುವಾರ ನೆನೆಸಿದ ಹೆಸರುಬೇಳೆ, ತೆಂಗಿನತುರಿ, ನಿಂಬೆರಸ, ಸಾಸಿವೆ-ಇಂಗಿನ ಒಗ್ಗರಣೆಯ ಕೋಸಂಬರಿಗೆ ಎಲೆಯನ್ನು ಕೈಯಲ್ಲೇ ಹರಿದು ಹಾಕಿದೆ. ಎರಡನೇ ಸಲ ಬಡಿಸಿಕೊಂಡರು. ಸೌತೆಕಾಯಿ ಕೋಸಂಬರಿಯಂತೆ ಇಲ್ಲಿಯೂ ಉಪ್ಪು ಹಾಕುವುದು ಊಟಕ್ಕೆ ಕುಳಿತ ಮೇಲೆಯೇ. ಮೊದಲೇ ಹಾಕಿದರೆ ಎಲೆ ನೀರು ಬಿಟ್ಟು ಸೋತುಹೋಗುತ್ತದೆ. ಬಿಸಿ ಅಕ್ಕಿರೊಟ್ಟಿಗೆ ಕಾಯಿಚಟ್ನಿ ಸವರಿ, ಮೇಲೊಂದು ತಣ್ಣನೆಯ ಎಲೆ ಹಾಸಿ ಸುರುಳಿ ಸುತ್ತಿದರೆ ಮಕ್ಕಳು ಡಬ್ಬಿ ಖಾಲಿ ಮಾಡಿ ತರುತ್ತಾರೆ. ಉಳಿದ ಎಲೆಯನ್ನು ತೊಳೆದು, ನೀರಿನ ಪಸೆ ಆರಿಸಿ, ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ಫ್ರಿಜ್ಜಿನಲ್ಲಿ ನಾಲ್ಕು ದಿನ ಚೆನ್ನಾಗಿರುತ್ತದೆ.

8. ಒಂದು ಗಿಡವನ್ನು ಬೀಜಕ್ಕೆ ಬಿಡಿ.

ಎಲ್ಲಕ್ಕಿಂತ ತಡವಾಗಿ ದಂಟು ಎತ್ತಿದ ಗಿಡವನ್ನೇ ಆರಿಸಿ. ಲೆಟ್ಯೂಸ್ ಸೂರ್ಯಕಾಂತಿಯ ಬಳಗದ್ದು. ಪುಟ್ಟ ಹಳದಿ ಹೂಗಳು ಬಿಟ್ಟು, ಅವು ಬಿಳಿ ತುಪ್ಪಳದ ಬೀಜವಾಗುತ್ತವೆ. ಹೂವು ತನ್ನ ಪರಾಗದಿಂದಲೇ ಬೀಜ ಕಟ್ಟುವುದರಿಂದ, ಹೈಬ್ರಿಡ್ ಅಲ್ಲದ ತಳಿಯಾದರೆ ಮುಂದಿನ ವರ್ಷವೂ ಅದೇ ಎಲೆ ಸಿಗುತ್ತದೆ. ತುಪ್ಪಳ ಹಾರುವ ಮೊದಲು ಕಾಗದದ ಚೀಲದೊಳಗೆ ದಂಟನ್ನು ಬಾಗಿಸಿ ಕೊಡವಿ, ಬೀಜವನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. ಒಂದೇ ಗಿಡದ ಬೀಜ ನಿಮ್ಮ ಮನೆಗೆ ಸಾಲುವುದಲ್ಲದೆ ಪಕ್ಕದ ನಾಲ್ಕು ಮನೆಗೂ ಆಗುತ್ತದೆ. ನವೆಂಬರ್ ಬರುವ ಹೊತ್ತಿಗೆ ಅವರಿಗೂ ಒಂದೊಂದು ಚಿಟಿಕೆ ಕೊಡಿ.