‘ಕುಡೀತಿದ್ದನೇನು?’ ಅಂತ ಕೇಳಬ್ಯಾಡ, ತಮ್ಮಾ

ನಮ್ಮ ಜಮಖಂಡಿ, ಮುಧೋಳ, ಬೀಳಗಿ ಕಡೆ ಯಾರಿಗರೆ ಲಿವರ್ ಕ್ಯಾನ್ಸರ್ ಅಂತ ಗೊತ್ತಾದ್ರ, ಮಾತಾಡಸಾಕ ಹೋದವರು ಕಟ್ಟಿ ಮ್ಯಾಲೆ ಕೂತು ಮೊದಲ ಕೇಳೂದು ಇದನ್ನ: ‘ಕುಡೀತಿದ್ದನೇನು?’ ಹೌದಂದ್ರ ‘ಮಾಡಿದ್ದುಣ್ಣೋ ಮಾರಾಯ’ ಅಂತಾರ. ಇಲ್ಲಂದ್ರ ಹಣೇಬರಹ ಅಂತಾರ. ಮನಿಯವರು ತಲಿ ತಗ್ಗಿಸಿ ಕೂಡ್ತಾರ. ಅವರೆಲ್ಲಾ ರಕ್ತ ತಪಾಸ್ ಮಾಡಿಸಬೇಕು ಅನ್ನೂದು ಮಾತ್ರ ಯಾರಿಗೂ ಹೊಳಿಯೂದಿಲ್ಲ.

ದಾರೂ ನಿರಪರಾಧಿ ಅಂತ ನಾ ಹೇಳೂದಿಲ್ಲ. ವರ್ಷಾನುಗಟ್ಟಲೆ ಕುಡದ್ರ ಲಿವರ್ ಗಂಟುಗಟ್ಟಿ ಸಿರೋಸಿಸ್ ಆಗತೈತಿ, ಅದರಾಗ ಕ್ಯಾನ್ಸರ್ ಹುಟ್ಟಬಹುದು. ತುಟ್ಟಿ ಬಾಟ್ಲಿ ಆದ್ರೂ ಅಷ್ಟ, ಅಗ್ಗದ್ದಾದ್ರೂ ಅಷ್ಟ. ಆದ್ರ ಒಂದು ಗುಟುಕೂ ಮುಟ್ಟದ ಹೆಣ್ಣಮಕ್ಕಳಿಗೂ ಬರತೈತಲ್ಲ? ಅದಕ್ಕೊಂದು ಕಾರಣ ಹೆಪಟೈಟಿಸ್ ಬಿ ಅನ್ನೂ ವೈರಸ್ಸು. ಅದು ನೋವಿಲ್ಲ, ಜ್ವರ ಇಲ್ಲ, ಇಪ್ಪತ್ತು-ಮೂವತ್ತು ವರ್ಷ ಮೈಯಾಗ ಸುಮ್ಮನ ಕೂತಿರತೈತಿ. ಹೆರಿಗ್ಯಾಗ ತಾಯಿಂದ ಹತ್ತಿದ ಕೂಸುಗಳೊಳಗ 100ಕ್ಕ ಸುಮಾರು 90ರಾಗ ಅದು ಕಾಯಂ ಉಳೀತೈತಿ. ಬಳಸಿದ ಬ್ಲೇಡು, ಜಾತ್ರ್ಯಾಗ ಎಲ್ಲಾರಿಗೂ ಒಂದ ಸೂಜಿಲೆ ಹಾಕೂ ಹಚ್ಚಿ, ಇವೂ ದಾರಿ. ಒಂದ ಗಂಗಾಳದಾಗ ಉಂಡ್ರ ಬರೂದಿಲ್ಲ. ರೋಗಿ ತಾಟು ಬ್ಯಾರೆ ಇಡೂದು ಕಂಡ್ರ ನನಗ ಸಿಟ್ಟ ಬರತೈತಿ.

ಕಾಮಣಿ ಆದವರಿಗೆಲ್ಲಾ ಮುಂದ ಕ್ಯಾನ್ಸರ್ ಅಂತ ಹೆದರೂದೂ ತಪ್ಪು. ಹೊಲಸು ನೀರಿನಿಂದ ಬರೂ ಕಾಮಣಿ ಹೆಚ್ಚಾಗಿ ಹೆಪಟೈಟಿಸ್ ಎ ಇಲ್ಲಾ ಇ. ಅವು ಕ್ಯಾನ್ಸರಿಗೆ ತಿರುಗೂವಲ್ಲ. ಬಿ, ಸಿ ತಿರುಗಬಹುದು. ಕಣ್ಣು ಹಳದಿ ಆಗೂದು ಮಾತ್ರ ಎಲ್ಲಾದ್ರಾಗೂ ಒಂದ. ನಾಟಿ ಔಷಧ ಕುಡದು ಹಳದಿ ಇಳೀತು ಅಂತ ಸುಮ್ಮನಾದಾಂವಗ ತನಗ ಬಂದದ್ದು ಯಾವುದಂತ ತಿಳಿಯೂದ ಇಲ್ಲ.

ರಬಕವಿ-ಬನಹಟ್ಟಿಯಾಗ ಲಿವರ್ ಕ್ಯಾನ್ಸರಿನ ತಪ್ಪು ಮಗ್ಗದ ಹತ್ತಿ ದೂಳಿನ ಮ್ಯಾಲೆ ಹಾಕಿದ್ರ, ಅದು ಪುಪ್ಪಸದ ತ್ರಾಸು, ಲಿವರಿಂದಲ್ಲ. ಖಾರ ತಿಂದದ್ದಕ್ಕೂ ಬರೂದಿಲ್ಲ. ಆದ್ರ ಶೇಂಗಾದ ಮಾತು ಬ್ಯಾರೆ. ಹಸಿ ಇದ್ದಾಗ ಚೀಲಕ್ಕ ತುಂಬಿದ ಶೇಂಗಾ, ಗೋವಿನಜೋಳಕ್ಕ ಹಸರು-ಹಳದಿ ಬೂಷ್ಟು ಹಿಡೀತೈತಿ; ಅದರಾಗ ಅಫ್ಲಾಟಾಕ್ಸಿನ್ ಅನ್ನೂ ವಿಷ ಹುಟ್ಟಬಹುದು. ಹುರದ್ರ ಪೂರ್ತಿ ಹೋಗೂದಿಲ್ಲ. ಕಹಿ ಬೀಜ ಚಟ್ನಿಗೆ ಕುಟ್ಟಿ ಖಾರದಾಗ ಮುಚ್ಚಬ್ಯಾಡ. ಎಮ್ಮಿಗೂ ಹಾಕಬ್ಯಾಡ, ವಿಷ ಹಾಲಿಗಿಳೀತೈತಿ. ಮೈಯಾಗ ಬಿ ಇದ್ದವರಿಗೆ ಈ ಬೂಷ್ಟು ಇನ್ನೂ ಕೆಟ್ಟದ್ದು. ಬೊಜ್ಜು, ಸಕ್ಕರಿ ಕಾಯಿಲೆಯಿಂದ ಲಿವರಿಗೆ ಕೊಬ್ಬು ಹತ್ತೂದೂ ಒಂದು ದಾರಿ.

ಹೆಪಟೈಟಿಸ್ ಬಿ ಲಸಿಕಿ 2011ರಿಂದ ದೇಶದ ತುಂಬ ಕೂಸುಗಳಿಗೆ ಪುಕ್ಕಟ ಐತಿ. ಮೊದಲನೇ ಡೋಸು ಹುಟ್ಟಿದ 24 ತಾಸಿನೊಳಗ ಬೀಳಬೇಕು. ನಿನ್ನಂಥ ದೊಡ್ಡವರು ಅದಕ್ಕಿಂತ ಮೊದಲ ಹುಟ್ಟಿದವರು. ಸಿ ಇದ್ರ ಹೆಚ್ಚಿನವರಿಗೆ ಸುಮಾರು 12 ವಾರದ ಗುಳಿಗಿಲೆ ವಾಸಿ ಆಗತೈತಿ. ಬಿ ಇದ್ರ ಬೇಕಾದವರಿಗೆ ಅದನ್ನ ಹತೋಟಿಯಾಗಿಡೂ ಗುಳಿಗಿ ಅದಾವ. ಹೆಂಡ್ತಿನ್ನೂ ಕರಕೊಂಡು ದವಾಖಾನಿಗೆ ಹೋಗು, ಬಿ, ಸಿ ಎರಡರ ತಪಾಸೂ ಮಾಡಿಸಿಕೊಂಡು ಬಾ.