ನೆಲವು ನಮ್ಮನ್ನು ಹೊರುವ ಬಗೆ

ಮೇಜಿನ ಮೇಲೆ ಪುಸ್ತಕವಿದೆ. ಭೂಮಿಯು ಅದನ್ನು ಎಡೆಬಿಡದೆ ಕೆಳಕ್ಕೆ ಸೆಳೆಯುತ್ತಿದ್ದರೂ ಅದು ಬೀಳುವುದಿಲ್ಲ. ಕಾರಣ ಕೇಳಿದರೆ "ಮೇಜು ಅಡ್ಡವಿದೆಯಲ್ಲ!" ಎನ್ನುತ್ತೇವೆ. ಉತ್ತರ ಸುಳ್ಳಲ್ಲ, ಆದರೆ ಸಾಲದು. ಆ ಮೇಜು ಪುಸ್ತಕವನ್ನು ಮೇಲಕ್ಕೆ ತಳ್ಳುತ್ತಿದೆ. ತಗಲಿದ ಮೈಗೆ ಲಂಬವಾಗಿರುವ ಈ ತಳ್ಳುವಿಕೆಯನ್ನು ಭೌತಶಾಸ್ತ್ರಜ್ಞರು ಅಭಿಲಂಬ ಬಲವೆಂದು ಕರೆಯುತ್ತಾರೆ. ಬಿ.ಎ. ಓದುವವನಿಗೆ ಈ ಗೊಡವೆ ಏಕೆಂದು ಗೆಳೆಯರು ನಗಬಹುದು. ಹೊರೆ ಹೊತ್ತು ಬದುಕುವವರ ನಡುವೆ ಬೆಳೆದವನಿಗೆ, ಹೊರುವುದೆಂದರೇನು ಎಂಬ ಪ್ರಶ್ನೆ ವಿಜ್ಞಾನ ವಿಭಾಗದವರಿಗೇ ಮೀಸಲೆಂದು ತೋರುವುದಿಲ್ಲ.

ಜೀವವಿಲ್ಲದ ಮರಕ್ಕೆ ಎಷ್ಟು ತಳ್ಳಬೇಕೆಂಬುದು ಹೇಗೆ ತಿಳಿಯುತ್ತದೆ? ನಮ್ಮ ಅಶೋಕಪುರಂನಲ್ಲಿ 1924ರಲ್ಲಿ ಸ್ಥಾಪಿತವಾದ ರೈಲ್ವೆ ಕಾರ್ಯಾಗಾರವಿದೆ. ದುರಸ್ತಿಗೆ ಬಂದ ರೈಲುಡಬ್ಬಿಯನ್ನು ಅದರ ಚಕ್ರದ ಚೌಕಟ್ಟಿನಿಂದ ಎತ್ತಿದಾಗ, ಅದುವರೆಗೆ ಕುಗ್ಗಿದ್ದ ಸ್ಪ್ರಿಂಗುಗಳು ಉದ್ದವಾಗುತ್ತವೆ. ಭಾರ ಹೆಚ್ಚಿದಷ್ಟೂ ಅವು ಕುಗ್ಗುತ್ತವೆ. ಕುಗ್ಗಿದಷ್ಟೂ ತಿರುಗಿ ತಳ್ಳುತ್ತವೆ. ಎರಡೂ ಸರಿದೂಗಿದಲ್ಲಿ ಡಬ್ಬಿ ನಿಲ್ಲುತ್ತದೆ. ಮೇಜಿನ ಕಥೆಯೂ ಇದೇ. ಅದರ ಅಣುಗಳ ನಡುವಣ ವಿದ್ಯುದ್ಬಲಗಳು ಸ್ಪ್ರಿಂಗುಗಳಂತೆ ವರ್ತಿಸುತ್ತವೆ. ಪುಸ್ತಕವಿಟ್ಟಾಗ ಹಲಗೆ ಕಣ್ಣಿಗೆ ಕಾಣದಷ್ಟು ಬಗ್ಗುತ್ತದೆ. ಹಗ್ಗದ ಮಂಚದಲ್ಲಾದರೆ ಕಣ್ಣಿಗೆ ಕಾಣುವಂತೆಯೇ ಬಗ್ಗುತ್ತದೆ, ಅಷ್ಟೆ ವ್ಯತ್ಯಾಸ.

ಇಲ್ಲಿ ಬಹುಮಂದಿ ಎಡವುವ ಒಂದು ಸ್ಥಳವಿದೆ. ಪುಸ್ತಕದ ತೂಕ ಕ್ರಿಯೆ, ಮೇಜಿನ ತಳ್ಳು ಅದರ ಪ್ರತಿಕ್ರಿಯೆ, ನ್ಯೂಟನ್ನನ ಮೂರನೆಯ ನಿಯಮದಂತೆ ಎರಡೂ ಸಮ ಎಂದು ಉರುಹೊಡೆಯುವುದುಂಟು. ವಾಸ್ತವವಾಗಿ ತೂಕವೆಂದರೆ ಭೂಮಿ ಪುಸ್ತಕವನ್ನು ಸೆಳೆಯುವುದು. ಅದರ ಜೋಡಿ, ಪುಸ್ತಕ ಭೂಮಿಯನ್ನು ಸೆಳೆಯುವುದು. ಮೇಜಿನ ತಳ್ಳಿಗೆ ಜೋಡಿ, ಪುಸ್ತಕ ಮೇಜನ್ನು ಒತ್ತುವುದು. ತೂಕವೂ ತಳ್ಳೂ ಸಮವಾಗಿರುವುದು ಪುಸ್ತಕ ನಿಶ್ಚಲವಾಗಿರುವುದರಿಂದ ಮತ್ತು ಬೇರಾವ ಬಲವೂ ಅದನ್ನು ಮೇಲಕ್ಕಾಗಲಿ ಕೆಳಕ್ಕಾಗಲಿ ಎಳೆಯದಿರುವುದರಿಂದ. ಈ ಷರತ್ತು ತಪ್ಪಿದರೆ ಸಮತೆಯೂ ತಪ್ಪುತ್ತದೆ.

ತಪ್ಪುವುದನ್ನು ನೋಡಬೇಕಾದರೆ ನಮ್ಮ ದಸರೆಗಿಂತ ಒಳ್ಳೆಯ ಪಾಠವಿಲ್ಲ. ಉತ್ಸವಕ್ಕೆ ಮುನ್ನ ಆನೆಗಳನ್ನು ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಗುತ್ತಾರೆ. ವೇಬ್ರಿಡ್ಜು ಅಳೆಯುವುದು, ತಾನು ಆನೆಯ ಪಾದಗಳನ್ನು ಎಷ್ಟು ತಳ್ಳಬೇಕಾಯಿತೆಂಬುದನ್ನು. ಮುಂಗಾಲುಗಳೆರಡೇ ಹಲಗೆಯ ಮೇಲಿದ್ದರೆ ಅಂಕಿ ಕಡಿಮೆ ಬರುತ್ತದೆ, ಆನೆಯೇನೂ ಇಳಿದುಹೋಗಿರುವುದಿಲ್ಲ! ಬಳಿಕ ಮರಳಿನ ಮೂಟೆ ಹೊರಿಸಿ, ಭಾರವನ್ನು ಕ್ರಮೇಣ ಏರಿಸುತ್ತ ತಾಲೀಮು ನಡೆಸುತ್ತಾರೆ. ವಿಜಯದಶಮಿಯಂದು ಸುಮಾರು 750 ಕಿಲೋ ತೂಕದ ಅಂಬಾರಿಯನ್ನು ಹೊತ್ತು ಆನೆ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರು ನಡೆಯಬೇಕು. 2012ರಿಂದ 2019ರವರೆಗೆ ಅರ್ಜುನ ಇದನ್ನು ಹೊತ್ತಿತು. 2020ರಲ್ಲಿ ಅಭಿಮನ್ಯುವಿನ ಸರದಿ ಬಂದಿತು.

ಹಾಗಾದರೆ ಆನೆಯ ಬೆನ್ನು ಅಂಬಾರಿಯನ್ನು 750 ಕಿಲೋದಷ್ಟೇ ತಳ್ಳುತ್ತದೆಯೆ? ಇಲ್ಲ. ಅಂಬಾರಿ ವಾಲದಂತೆ ಅದನ್ನು ಹಗ್ಗಗಳಿಂದ ಆನೆಯ ಹೊಟ್ಟೆಗೆ ಸುತ್ತಿ ಬಿಗಿಯುತ್ತಾರೆ. ಬಿಗಿದ ಹಗ್ಗ ಅಂಬಾರಿಯನ್ನು ಕೆಳಕ್ಕೆ ಎಳೆಯುತ್ತದೆ. ಈ ಎಳೆತ ಒಟ್ಟು 200 ಕಿಲೋ ಭಾರಕ್ಕೆ ಸಮವೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಆಗ ಬೆನ್ನು 950 ಕಿಲೋದಷ್ಟು ತಳ್ಳಬೇಕು. ಇನ್ನೂ ಬಿಗಿದರೆ ಇನ್ನೂ ಹೆಚ್ಚು. ಆದರೆ ಅದೇ ಆನೆಯನ್ನು ವೇಬ್ರಿಡ್ಜಿನ ಮೇಲೆ ನಿಲ್ಲಿಸಿದರೆ ಅಂಕಿಯಲ್ಲಿ ಒಂದು ಕಿಲೋ ಕೂಡ ಏರದು. ಹಗ್ಗ ಬೆನ್ನನ್ನು ಒತ್ತಿಸುವಷ್ಟೇ ಹೊಟ್ಟೆಯನ್ನು ಮೇಲಕ್ಕೆ ಒತ್ತುತ್ತದೆ, ನೆಲದ ಲೆಕ್ಕದಲ್ಲಿ ಎರಡೂ ವಜಾ ಆಗುತ್ತವೆ. ಹೊತ್ತವನ ಬೆನ್ನಿಗೆ ಗೊತ್ತಿರುವುದು ತಕ್ಕಡಿಗೆ ಗೊತ್ತಾಗುವುದಿಲ್ಲ. ಈ ಲೆಕ್ಕವನ್ನು ನಾನು ಮೂರು ಸಲ ಮಾಡಿನೋಡಿದೆ. ಮೂರು ಸಲವೂ ಹೀಗೆಯೇ ಬಂದಿತು.

ಅಂಬಾರಿಯ ಕೆಳಗೆ ನಮ್ದಾ, ಗಾದಿಗಳನ್ನು ಹಾಸುವುದೇತಕ್ಕೆಂಬುದೂ ಇಲ್ಲಿಯೇ ತಿಳಿಯುತ್ತದೆ. ನಮ್ಮ ತಾಯಿ ಜಲ್ಲಿ ತುಂಬಿದ ಬಾಂಡ್ಲಿ ಹೊರುವಾಗ ತಲೆಯ ಮೇಲೆ ಸಿಂಬೆ ಇಟ್ಟುಕೊಳ್ಳುತ್ತಿದ್ದರು. ಸಿಂಬೆಯಿಂದ ಭಾರ ಇಳಿಯದು. ತಲೆ ತಳ್ಳಬೇಕಾದುದು ಅಷ್ಟೇ. ಆದರೆ ಆ ತಳ್ಳು ಹೆಚ್ಚು ಜಾಗದಲ್ಲಿ ಹಂಚಿಹೋಗುವುದರಿಂದ ಒಂದೊಂದು ಅಂಗುಲದ ಮೇಲಿನ ಒತ್ತಡ ತಗ್ಗುತ್ತದೆ. ಅಶೋಕಪುರಂ ನಿಲ್ದಾಣದ ಹಳಿಗಳ ಕೆಳಗಿನ ಸ್ಲೀಪರು, ಅದರ ಕೆಳಗಿನ ಜಲ್ಲಿ, ಇವು ನೆಲಕ್ಕೆ ಇಟ್ಟ ಸಿಂಬೆಗಳೇ.

ಇಳಿಜಾರಿನಲ್ಲಿ ಅಭಿಲಂಬ ಬಲ ತೂಕಕ್ಕಿಂತ ಕಡಿಮೆ. 30 ಡಿಗ್ರಿ ಓರೆಯ ಬಂಡೆಯ ಮೇಲೆ ನಿಂತವನಿಗೆ ಬಂಡೆಯ ಲಂಬ ತಳ್ಳು ಅವನ ತೂಕದ ನೂರಕ್ಕೆ 87ರಷ್ಟು ಮಾತ್ರ. ಜಾರದಂತೆ ಹಿಡಿಯುವ ಕೆಲಸ ಘರ್ಷಣೆಯದು. ಚಾಮುಂಡಿಬೆಟ್ಟದ ಮೆಟ್ಟಿಲುಗಳು ಮಟ್ಟಸವಾಗಿರುವುದರ ಉಪಕಾರವನ್ನು ಮಳೆಗಾಲದಲ್ಲಿ ಹತ್ತಿದವರು ಬಲ್ಲರು.

ತಳ್ಳುವ ಶಕ್ತಿಗೆ ಮಿತಿಯೂ ಉಂಟು. ಕೆಸರು ಸಾಕಷ್ಟು ತಳ್ಳಲಾರದು. ಗಾಡಿಯ ಚಕ್ರ ಹೂತುಹೋಗುತ್ತದೆ. ಕಲ್ಲು ಬಹಳ ತಾಳುತ್ತದೆ. ನಮ್ಮೂರಿನ ಹಳಿ ಹಿಡಿದು ಹೋದರೆ ಸಿಗುವ ನಂಜನಗೂಡಿನಲ್ಲಿ, ಕಪಿಲೆಯ ಮೇಲೆ 1735ರಲ್ಲಿ ಕಟ್ಟಿದ ಕಮಾನಿನ ಸೇತುವೆಯಿದೆ. ಕಮಾನಿನ ಪ್ರತಿ ಕಲ್ಲೂ ಪಕ್ಕದ ಕಲ್ಲಿನ ಓರೆಮೈಯನ್ನು ತಳ್ಳುತ್ತ ಭಾರವನ್ನು ಕಂಬಗಳಿಗೆ ಸಾಗಿಸುತ್ತದೆ. ಎತ್ತಿನ ಗಾಡಿಗಳ ಕಾಲದಲ್ಲಿ ಕಟ್ಟಿದವರು ರೈಲನ್ನು ಕಂಡವರಲ್ಲ. ಆದರೂ ಮೀಟರ್ ಗೇಜ್ ರೈಲುಗಳು ಅದರ ಮೇಲೆ ದಶಕಗಳ ಕಾಲ ಓಡಿದವು. ಬ್ರಾಡ್ ಗೇಜ್ ಬಂದ ಮೇಲೆ ರೈಲಿಗೆ ಬೇರೆ ಸೇತುವೆಯಾಯಿತು. ಹಳೆಯ ಸೇತುವೆಯ ಕಲ್ಲುಗಳು ಈಗಲೂ ಒಂದನ್ನೊಂದು ತಳ್ಳುತ್ತ, ತಮ್ಮ ಭಾರವನ್ನು ತಾವು ಹೊತ್ತುಕೊಂಡು ನಿಂತಿವೆ.